ಕುದುರೆ ಸಿಕ್ಕಿತು, ಬಾಲ ಎರಕ ಹೊಯ್ದೆವು

ಮದುವೆಯಾಗಿ ಮೈಸೂರಿನಿಂದ ಚೆನ್ನೈನ ಮೈಲಾಪೂರಿಗೆ ಬಂದಾಗ ನಾನು ತಂದ ಸಾಮಾನುಗಳಲ್ಲಿ ಎಲ್ಲಿಡಬೇಕೆಂದು ಯಾರಿಗೂ ತಿಳಿಯದ ವಸ್ತು ಒಂದೇ ಒಂದು, ನನ್ನ ಗಿಟಾರು. ಕಾಲೇಜಿನ ದಿನಗಳಲ್ಲಿ ಪಕ್ಕದ ಬೀದಿಯ ಮೇಷ್ಟ್ರೊಬ್ಬರ ಹತ್ತಿರ ನಾಲ್ಕು ವರ್ಷ ಕಲಿತಿದ್ದೆ. ಮನೆಯಲ್ಲಿ ಇದ್ದವರು ಮೂರೇ ಜನ. ನಾನು, ನನ್ನ ಗಂಡ, ನನ್ನ ಮಾವ. ಅತ್ತೆ ನಮ್ಮ ಮದುವೆಗೆ ನಾಲ್ಕು ವರ್ಷ ಮೊದಲೇ ತೀರಿಕೊಂಡಿದ್ದರು. ಗಂಡ ಬೆಳಿಗ್ಗೆ ಎಂಟಕ್ಕೆ ಆಫೀಸಿಗೆ ಹೊರಟರೆ ಸಂಜೆ ಏಳರವರೆಗೂ ಮನೆಯಲ್ಲಿ ನಾನು ಮತ್ತು ಮಾವ ಇಬ್ಬರೇ.

ಮಾವ ತುಮಕೂರು ಕಡೆಯವರು. ಇಪ್ಪತ್ತನೇ ವಯಸ್ಸಿಗೆ ಅಂಬತ್ತೂರಿನ ಫೌಂಡ್ರಿಯೊಂದಕ್ಕೆ ಕೆಲಸಕ್ಕೆ ಬಂದು, ಅಲ್ಲೇ ನಿವೃತ್ತರಾದವರು. ಎರಕ ಹೊಯ್ಯುವುದಕ್ಕೆ ಮೊದಲು ಮರಳಿನಲ್ಲಿ ಒತ್ತುವ ಮರದ ಅಚ್ಚುಗಳಿರುತ್ತವಲ್ಲ, ಅವನ್ನು ಮಾಡುವುದು ಅವರ ಕೆಲಸವಾಗಿತ್ತು. ಪಂಪಿನ ಚಿಪ್ಪು, ಗೇರುಪೆಟ್ಟಿಗೆ, ಚಕ್ರದ ಗುಂಬ, ಇವೆಲ್ಲ ಮೊದಲು ಅವರ ಕೈಯಲ್ಲಿ ಮರವಾಗಿ ಹುಟ್ಟಿ ಆಮೇಲೆ ಕಬ್ಬಿಣವಾಗುತ್ತಿದ್ದವು. ಮಾತು ಬಹಳ ಕಡಿಮೆ. ನಾನು ಬಂದ ಮೊದಲ ಆರು ತಿಂಗಳಲ್ಲಿ ನಮ್ಮಿಬ್ಬರ ಮಧ್ಯೆ ನಡೆದ ಮಾತೆಂದರೆ ಕಾಫಿ, ಊಟ, ಪೇಪರು, ನೀರಿನ ಲಾರಿ. ಹಣೆಗೆ ವಿಭೂತಿ ಇಟ್ಟುಕೊಂಡು ಬಾಲ್ಕನಿಯ ಕುರ್ಚಿಯಲ್ಲಿ ಕೂತರೆ ಮಧ್ಯಾಹ್ನದವರೆಗೂ ಹಾಗೇ ಕೂತಿರುತ್ತಿದ್ದರು. ಅವರಿಗೆ ನನ್ನ ಮೇಲೆ ಏನೋ ಅಸಮಾಧಾನ ಎಂದೇ ನಾನು ತಿಳಿದಿದ್ದೆ.

ಚೆನ್ನೈನ ಮೊದಲ ಬೇಸಿಗೆ. ಕತ್ತಿರಿ ಬಿಸಿಲು ಎಂದು ಅಲ್ಲಿನವರು ಹೇಳುವ ಆ ಮೂರು ವಾರಗಳಲ್ಲಿ ಒಂದು ದಿನ ಬೆಳಿಗ್ಗೆ ಒಳಕೋಣೆಯಲ್ಲಿ ಟಪ್ ಎಂದು ಸದ್ದಾಯಿತು. ಓಡಿಹೋಗಿ ನೋಡಿದರೆ ಗಿಟಾರಿನ ಮುಂಭಾಗದಲ್ಲಿ ತಂತಿಗಳನ್ನು ಹಿಡಿದುಕೊಂಡಿದ್ದ ಮರದ ಪಟ್ಟಿ ಕಿತ್ತು ಮೇಲೆದ್ದಿತ್ತು. ತಂತಿಗಳೆಲ್ಲ ಸಡಿಲವಾಗಿ ನೇತಾಡುತ್ತಿದ್ದವು. ನನಗೆ ಅಳು ಬಂತು. ಅಳುವುದು ಮಾವನಿಗೆ ಕೇಳಬಾರದೆಂದು ಬಾಗಿಲು ಹಾಕಿಕೊಂಡೆ. ಆದರೆ ಆ ಸದ್ದು ಅವರಿಗೂ ಕೇಳಿಸಿತ್ತು. ಬಾಗಿಲು ತಟ್ಟಿದರು.

"ಏನಮ್ಮಾ ಬಿತ್ತು?"

ನಾನು ಗಿಟಾರನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಕಿತ್ತ ಜಾಗವನ್ನು ಹೆಬ್ಬೆರಳಿನಿಂದ ಸವರಿದರು.

"ಗೋಂದಿನ ತಪ್ಪಲ್ಲ ಇದು. ಮರ ತೆಳು, ಎಳೆತ ಜಾಸ್ತಿ. ಇರು, ನೋಡೋಣ."

ಮಂಚದ ಕೆಳಗಿನಿಂದ ಒಂದು ಹಸಿರು ಕಬ್ಬಿಣದ ಪೆಟ್ಟಿಗೆ ಎಳೆದರು. ಅದರ ಬೀಗ ತುಕ್ಕು ಹಿಡಿದು ಬೀಗದ ಕೈ ತಿರುಗಲಿಲ್ಲ. ಕೊಬ್ಬರಿ ಎಣ್ಣೆ ಬಿಟ್ಟು ತೆಗೆದರು. ಒಳಗೆ ಉಳಿಗಳು, ಕೀಸುಳಿಗಳು, ಅರಗಳು, ಎಲ್ಲ ಬನಿಯನ್ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದವು. ಅತ್ತೆ ಹೋದ ಮೇಲೆ ಅಪ್ಪ ಆ ಪೆಟ್ಟಿಗೆ ತೆಗೆದಿದ್ದನ್ನು ತಾನು ನೋಡಿಯೇ ಇರಲಿಲ್ಲ ಎಂದು ಗಂಡ ಆ ಸಂಜೆ ಹೇಳಿದರು.

ಮಾವ ಅಂಟಿಸಿದ್ದು ಮೂರು ವಾರ ನಿಂತಿತು. ಮತ್ತೆ ಕಿತ್ತಾಗ ಮುಂಭಾಗದ ತೆಳು ಹಲಗೆಯನ್ನೂ ಜೊತೆಗೆ ಕಿತ್ತುಕೊಂಡು ಬಂತು. ಇನ್ನು ಅದು ರಿಪೇರಿಯಾಗುವುದಿಲ್ಲವೆಂದು ನನಗೂ ಗೊತ್ತಾಯಿತು. ಮಾವ ಕಿತ್ತ ಹಲಗೆಯನ್ನು ತಿರುಗಿಸಿ ನೋಡಿ ಕೇಳಿದರು, "ಟೊಳ್ಳು ಪೆಟ್ಟಿಗೆ ಇಲ್ಲದೆ ಗಟ್ಟಿ ಮರದಲ್ಲೇ ಮಾಡೋದಿಲ್ವಾ ಇದನ್ನ? ಕರೆಂಟಿಂದು ಬರುತ್ತಲ್ಲ, ಅದು ಗಟ್ಟಿ ಮರ ತಾನೇ?"

"ಹೌದು ಮಾವ. ಎಲೆಕ್ಟ್ರಿಕ್ ಗಿಟಾರು. ಆದರೆ ಅದನ್ನ ಮನೇಲಿ ಹೇಗೆ…"

"ಕುತ್ತಿಗೆ ಚೆನ್ನಾಗಿದೆ. ಮೈ ಮಾತ್ರ ಹೊಸದು ಮಾಡಿದ್ರೆ ಆಯ್ತು. ಸರಿಯಾ?"

ಶುರುವಾಗಿದ್ದು ಹೀಗೆ. ಎರಡು ಬೀದಿ ಆಚೆ ಹಳೇ ಮನೆಯೊಂದನ್ನು ಒಡೆದು ಫ್ಲಾಟು ಕಟ್ಟುತ್ತಿದ್ದರು. ಅಲ್ಲಿಂದ ತೇಗದ ಬಾಗಿಲಿನ ದಪ್ಪ ಹಲಗೆ ತಂದರು. ಕುಕ್ಕರಿನ ಹಬೆಯನ್ನು ರಬ್ಬರ್ ಕೊಳವೆಯಲ್ಲಿ ಹಾಯಿಸಿ ಹಳೇ ಗಿಟಾರಿನ ಕುತ್ತಿಗೆಯನ್ನು ಬಿಡಿಸಿದರು. ಬಾಲ್ಕನಿಯಲ್ಲಿ ಎರಡು ತಿಂಗಳು ಮರದ ಹೊಟ್ಟು ಹಾರಿತು. ಕೊನೆಗೆ ಕುತ್ತಿಗೆಯನ್ನೂ ತಂತಿಯ ನಡುಕವನ್ನು ಕರೆಂಟಾಗಿ ಹಿಡಿಯುವ ಪಿಕಪ್ಪನ್ನೂ ಕೂಡಿಸಿದ ತೇಗದ ಮೈ ಸಿದ್ಧವಾಗಿ, ಎಣ್ಣೆ ಕುಡಿದು, ಬೆಲ್ಲದ ಬಣ್ಣಕ್ಕೆ ತಿರುಗಿ ಗೋಡೆಗೆ ಒರಗಿ ನಿಂತಿತು. ಇನ್ನು ಉಳಿದಿದ್ದು ತಂತಿಗಳನ್ನು ಎತ್ತಿ ಹಿಡಿಯುವ ಬ್ರಿಜ್ಜು, ಅವುಗಳ ತುದಿಯನ್ನು ಕಚ್ಚಿ ಹಿಡಿಯುವ ಟೇಲ್‌ಪೀಸು. ಅಂಗಡಿಗೆ ಹೋಗಿ ಕೊಂಡು ತಂದು ಸ್ಕ್ರೂ ತಿರುಗಿಸುವುದು, ಒಂದು ಮಧ್ಯಾಹ್ನದ ಕೆಲಸ ಎಂದುಕೊಂಡಿದ್ದೆವು. ಅದಕ್ಕೆ ಎಂಟು ತಿಂಗಳು ಹಿಡಿಯಿತು.

ವೀಣೆಯಲ್ಲಿ ತಂತಿ ಎತ್ತಿ ಹಿಡಿಯುವುದಕ್ಕೆ ಕುದುರೆ ಎನ್ನುತ್ತಾರೆ. ಮಾವ ಬ್ರಿಜ್ಜನ್ನು ಮೊದಲ ದಿನದಿಂದಲೂ ಕುದುರೆ ಎಂದೇ ಕರೆದರು. "ಹಂಗಾದ್ರೆ ಇನ್ನೊಂದು ಅದರ ಬಾಲ" ಎಂದು ತಾವೇ ನಕ್ಕರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮೌಂಟ್ ರೋಡಿನ ಒಂದು ವಾದ್ಯದ ಅಂಗಡಿಗೆ ಇಬ್ಬರೂ ಹೋದೆವು. ಅಂಗಡಿಯವರು ಮೂರು ತರಹದ್ದು ತೋರಿಸಿದರು. ಒಂದು, ಬರೀ ತಗಡಿನ ಪಟ್ಟಿಯಂಥದ್ದು. ಕುದುರೆ, ಬಾಲ ಎರಡೂ ಒಂದರಲ್ಲೇ, ಮರಕ್ಕೆ ಒತ್ತಿ ಸ್ಕ್ರೂ ಹಾಕಿದರೆ ಮುಗಿಯಿತು. ಇನ್ನೊಂದು ಎರಡು ತುಂಡಿನದು, ಕುದುರೆ ಬೇರೆ, ಬಾಲ ಬೇರೆ, ಒಂದೊಂದೂ ಎರಡೆರಡು ಕಾಲಿನ ಮೇಲೆ ನಿಲ್ಲುವಂಥದ್ದು. ಇದು ಮಾರುವುದಕ್ಕಿರಲಿಲ್ಲ, ಅವರ ಅಂಗಡಿಯ ಒಂದು ಗಿಟಾರಿನ ಮೇಲಿತ್ತು. ಮೂರನೆಯದಕ್ಕೆ ಸ್ಪ್ರಿಂಗುಗಳಿದ್ದವು, ಉದ್ದನೆಯ ಒಂದು ಹಿಡಿಕೆ ಇತ್ತು. ಅಂಗಡಿಯವರು ಅದಿದ್ದ ಗಿಟಾರು ಮೀಟಿ ಹಿಡಿಕೆ ಒತ್ತಿದರು. ಸ್ವರ ಗಾಳಿಗೆ ಸಿಕ್ಕ ಬಟ್ಟೆಯ ಹಾಗೆ ಓಲಾಡಿತು. ನನಗೆ ಬೇರೆ ಯಾವುದೂ ಕಣ್ಣಿಗೆ ಬೀಳಲಿಲ್ಲ.

"ಇದೇ ಬೇಕು ಮಾವ" ಎಂದೆ.

ಮಾವ ಬೇಡ ಎನ್ನಲಿಲ್ಲ. ಜೇಬಿನಿಂದ ಸ್ಕೇಲು, ಪೆನ್ಸಿಲು ತೆಗೆದು ಮೂರರ ಅಳತೆಯನ್ನೂ ಬರೆದುಕೊಂಡರು. "ನಾಳೆ ಬರ್ತೀವಿ" ಎಂದು ತಮಿಳಿನಲ್ಲಿ ಹೇಳಿ ನನ್ನನ್ನು ಹೊರಗೆ ಕರೆತಂದರು.

ಆಗ ನಮ್ಮ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ದೇವಸ್ಥಾನದ ಕೆರೆಯ ಹತ್ತಿರ ಒಂದು ಬ್ರೌಸಿಂಗ್ ಸೆಂಟರ್ ಇತ್ತು. ನಾನು ಅಲ್ಲಿ ಅರ್ಧ ಗಂಟೆ ಕೂತು, ಸಿಕ್ಕಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಚಿತ್ರಗಳನ್ನು ಕೈಯಲ್ಲೇ ಗೀಚಿಕೊಂಡು ಮನೆಗೆ ಬಂದು ಮಾವನಿಗೆ ಕನ್ನಡದಲ್ಲಿ ಓದಿ ಹೇಳುತ್ತಿದ್ದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಮುಗಿದ ಮೇಲೆ ಒಂದು ಪ್ರಶ್ನೆ ಕೇಳುತ್ತಿದ್ದರು. ಅದಕ್ಕೆ ಉತ್ತರ ನನ್ನ ನೋಟ್‌ಬುಕ್ಕಿನಲ್ಲಿ ಇರುತ್ತಿರಲಿಲ್ಲ. ಮಾರನೆಯ ದಿನ ಮತ್ತೆ ಹೋಗಬೇಕಾಗುತ್ತಿತ್ತು.

ಅವರ ಮೊದಲ ಪ್ರಶ್ನೆ, "ಆರೂ ತಂತಿ ಸೇರಿ ಎಷ್ಟು ಎಳೀತಾವೆ?"

ಉತ್ತರ ಹುಡುಕಿ ತಂದೆ. ಶ್ರುತಿಗೆ ಬಿಗಿದ ಆರು ತಂತಿಗಳ ಎಳೆತ ಹೆಚ್ಚುಕಡಿಮೆ ಐವತ್ತು ಕಿಲೋದ ಹತ್ತಿರ ಎಂದಾಗ ಮಾವ ಕಣ್ಣು ಬಿಟ್ಟರು.

"ಒಂದು ಮೂಟೆ ಸಿಮೆಂಟು! ಹಗಲೂ ರಾತ್ರಿ! ಪಾಪ, ಆ ತೆಳು ಪೆಟ್ಟಿಗೆ ಅಷ್ಟು ವರ್ಷ ತಡ್ಕೊಂಡಿದ್ದೇ ಹೆಚ್ಚು."

ಅವರು ರಟ್ಟಿನಲ್ಲಿ ಮೂರು ಬಗೆಯ ಕುದುರೆಗಳನ್ನೂ ಕತ್ತರಿಸಿ ಮಾಡಿದರು. ಒಂದೊಂದನ್ನೂ ತೇಗದ ಮೈಮೇಲಿಟ್ಟು ನೋಡುವುದು, ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆಯುವುದು. ಹಿಡಿಕೆಯದಕ್ಕೆ ಮೈಯನ್ನು ಈ ಕಡೆಯಿಂದ ಆ ಕಡೆಯವರೆಗೂ ಕೊರೆದು, ಹಿಂದೆ ಸ್ಪ್ರಿಂಗುಗಳಿಗೆ ಅಂಗೈಯಗಲದ ಗುಂಡಿ ತೋಡಬೇಕಿತ್ತು. ಮಾವ ಆ ಗೆರೆಗಳನ್ನು ಬಹಳ ಹೊತ್ತು ನೋಡಿದರು.

"ನೀನು ಹೇಳಿದ್ರೆ ಕೊರೀತೀನಿ. ಆದ್ರೆ ಕೊರೆದ ಮೇಲೆ ತುಂಬೋಕಾಗಲ್ಲಮ್ಮಾ. ಅದಕ್ಕೇ ಒಂದು ಕೇಳ್ತೀನಿ. ನುಡಿಸುವಾಗ ನಿನ್ನ ಬಲಗೈ ಎಲ್ಲಿರುತ್ತೆ?"

ನಾಲ್ಕು ವರ್ಷ ನುಡಿಸಿದ ನನಗೆ ನನ್ನ ಕೈ ಎಲ್ಲಿರುತ್ತದೆಂದು ಗೊತ್ತಿರಲಿಲ್ಲ.

"ತಗೊ, ನುಡಿಸು" ಎಂದು ಮಾವ ತಂತಿಯಿಲ್ಲದ ಆ ಗಿಟಾರನ್ನೇ ನನ್ನ ತೊಡೆಯ ಮೇಲಿಟ್ಟರು. ಒಂದು ಸೀಮೆಸುಣ್ಣ ಪುಡಿ ಮಾಡಿ ನನ್ನ ಬಲ ಅಂಗೈಗೆ ಹಚ್ಚಿದರು. ನಾನು ನಾಚಿಕೊಂಡೇ, ನನಗೆ ಬರುತ್ತಿದ್ದ ಒಂದು ಹಾಡನ್ನು ಬಾಯಲ್ಲಿ ಗುನುಗುತ್ತ ಇಲ್ಲದ ತಂತಿಗಳನ್ನು ಮೀಟಿದೆ. ಮುಗಿಸಿ ಕೈ ಎತ್ತಿದಾಗ ಮರದ ಮೇಲೆ ಬಿಳಿ ಗುರುತು ಮೂಡಿತ್ತು. ಸರಿಯಾಗಿ ಕುದುರೆ ಕೂರಬೇಕಾದ ಜಾಗದ ಮೇಲೇ ನನ್ನ ಅಂಗೈಯ ಅಂಚು ಊರಿತ್ತು.

"ನೋಡು" ಎಂದರು ಮಾವ. "ನೀನು ಕುದುರೆ ಮೇಲೆ ಭಾರ ಹಾಕಿ ನುಡಿಸೋಳು. ಅಲ್ಲಾಡೋ ಕುದುರೆ ಮೇಲೆ ಕೈ ಊರಿದ್ರೆ ಶ್ರುತಿ ನಿಲ್ಲುತ್ತಾ?"

ನಿಲ್ಲುವುದಿಲ್ಲ ಎಂದು ನನಗೂ ಹೊಳೆಯಿತು. ನನಗೆ ಬೇಕಿದ್ದದ್ದು ಅಂಗಡಿಯಲ್ಲಿ ಕೇಳಿದ ಆ ಓಲಾಟ, ಅಷ್ಟೇ. ನಾನು ನುಡಿಸುವ ಹಾಡುಗಳಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಬೇಡವೆಂದು ಬಾಯಿಬಿಟ್ಟು ಹೇಳದೆ, ನನ್ನ ಕೈಯನ್ನೇ ಕೇಳಿ ತೀರ್ಮಾನ ಮಾಡಿಸಿದರಲ್ಲ ಎಂದು ಇವತ್ತಿಗೂ ಅನಿಸುತ್ತದೆ. ಆಮೇಲೆ ಮಕ್ಕಳಿಗೆ ಸಂಗೀತ ಹೇಳಿಕೊಡುವ ಕೆಲಸಕ್ಕೆ ಸೇರಿದಾಗ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಪಾಠ ಅದು.

ಇನ್ನು ಉಳಿದದ್ದು ಪಟ್ಟಿಯದು ಮತ್ತು ಎರಡು ತುಂಡಿನದು. ಇದನ್ನು ಗಿಟಾರೇ ತೀರ್ಮಾನಿಸಿತು. ಹಳೇ ಗಿಟಾರಿನ ಕುತ್ತಿಗೆಯ ಮೇಲಿನ ಹಲಗೆ ದಪ್ಪ. ಹಾಗಾಗಿ ತಂತಿಗಳು ಮೈಯಿಂದ ಬಹಳ ಎತ್ತರದಲ್ಲಿ ಹೋಗಬೇಕಿತ್ತು. ಪಟ್ಟಿಯಂಥದ್ದು ಗಿಡ್ಡ, ಅಷ್ಟೆತ್ತರಕ್ಕೆ ಏಳುವುದಿಲ್ಲ. ಎರಡು ಕಾಲಿನ ಕುದುರೆಯೇ ಆಗಬೇಕು. ಅಂಗಡಿಯವರು ಮುಂಬೈಯಿಂದ ತರಿಸಿಕೊಡುತ್ತೇನೆಂದರು. ಎರಡು ತಿಂಗಳು ಕಾದೆವು. ಮೂರನೇ ತಿಂಗಳು ನಾನು ಹೋಗಿ ಕೇಳಿದಾಗ, "ವರುಂ ಮೇಡಂ, ವರುಂ" ಎಂದರು. ಬರುತ್ತದೆ, ಬರುತ್ತದೆ. ಬರಲಿಲ್ಲ.

ಒಂದು ಸಂಜೆ ನಾನೂ ಮಾವನೂ ಮುಖ ಸಪ್ಪೆ ಮಾಡಿಕೊಂಡು ಕೂತಿದ್ದನ್ನು ನೋಡಿ ನನ್ನ ಗಂಡ ತಮಾಷೆಗೆ ಹೇಳಿದರು, "ಪಲ್ಲಾವರಂ ಸಂತೆಗೆ ಹೋಗಿ. ಪಕ್ಕದಲ್ಲೇ ಏರ್‌ಪೋರ್ಟು, ವಿಮಾನದ ರೆಕ್ಕೆ ಕೂಡ ಸಿಗುತ್ತಂತೆ ಅಲ್ಲಿ."

ಮಾವ ಅದನ್ನು ತಮಾಷೆ ಎಂದುಕೊಳ್ಳಲೇ ಇಲ್ಲ. ಮುಂದಿನ ಶುಕ್ರವಾರವೇ ಹೊರಟೆವು. ಗಿಂಡಿಯವರೆಗೆ ಬಸ್ಸು, ಅಲ್ಲಿಂದ ಎಲೆಕ್ಟ್ರಿಕ್ ಟ್ರೈನು. ಸಂತೆಯಲ್ಲಿ ಕೋಳಿಮರಿಯಿಂದ ಹಿಡಿದು ಹಲ್ಲಿನ ಡಾಕ್ಟರ ಹಳೇ ಕುರ್ಚಿಯವರೆಗೂ ಎಲ್ಲವೂ ನೆಲದ ಮೇಲೆ ಹರಡಿತ್ತು. ಮೊದಲ ಶುಕ್ರವಾರ ಏನೂ ಸಿಗಲಿಲ್ಲ. ಎರಡನೆಯದರಲ್ಲೂ ಇಲ್ಲ. ಆದರೆ ಟ್ರೈನಿನಲ್ಲಿ ಕೂತು ಹೋಗಿ ಬರುವಾಗ ಮಾವ ಮಾತಾಡುತ್ತಿದ್ದರು. ಫೌಂಡ್ರಿಯ ಕಥೆ, ತುಮಕೂರಿನ ಬಾಲ್ಯ, ಅತ್ತೆ ತಮಿಳು ಕಲಿಯಲು ಪಟ್ಟ ಪಾಡು. ನನಗೂ ಆಗ ತಮಿಳು ಬಾರದೆ ಒದ್ದಾಟ. ಅತ್ತೆ ಮೊದಲು ತರಕಾರಿಯ ಹೆಸರು ಕಲಿತು, ಆಮೇಲೆ ಜಗಳವಾಡುವುದು ಕಲಿತರಂತೆ. "ಜಗಳ ಬಂತು ಅಂದ್ರೆ ಭಾಷೆ ಬಂತು ಅಂತ ಅರ್ಥ" ಎಂದರು. ನೋಡದೇ ಇದ್ದ ಅತ್ತೆ ನನಗೆ ಸ್ವಲ್ಪ ಪರಿಚಯವಾಗಿದ್ದು ಆ ಟ್ರೈನುಗಳಲ್ಲೇ.

ಮೂರನೇ ಶುಕ್ರವಾರ ಒಬ್ಬ ಹೆಂಗಸು ದೊಡ್ಡ ಕಪ್ಪು ಕೊಡೆಯ ಕೆಳಗೆ ಹಳೇ ಫ್ಯಾನುಗಳು, ಟೈಪ್‌ರೈಟರಿನ ಭಾಗಗಳು, ಸ್ವಿಚ್ಚುಗಳನ್ನು ಹರಡಿಕೊಂಡು ಕೂತಿದ್ದಳು. ಮಾವ ಕುಕ್ಕುರುಗಾಲಿನಲ್ಲಿ ಕೂತು ಆ ರಾಶಿಯಲ್ಲಿ ಕೈಯಾಡಿಸಿದರು. ಏನನ್ನೋ ಎತ್ತಿ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ತುಕ್ಕು ಹಿಡಿದ, ಬೆರಳುದ್ದದ ಒಂದು ಕಬ್ಬಿಣ. ಅದರ ಮೇಲೆ ಆರು ಪುಟ್ಟ ಹಲ್ಲುಗಳು, ಒಂದೊಂದು ಹಲ್ಲಿಗೂ ಒಂದೊಂದು ಸ್ಕ್ರೂ. ಎರಡೂ ಕಾಲುಗಳು ಅದಕ್ಕೇ ಅಂಟಿಕೊಂಡಿದ್ದವು.

"ಇದು ಎನ್ನಮ್ಮಾ?" ಮಾವ ಏನೂ ಗೊತ್ತಿಲ್ಲದವರಂತೆ ಅವಳನ್ನು ಕೇಳಿದರು.

"ತೈಯಲ್ ಮೆಷಿನ್ ಪಾರ್ಟ್ ಸಾರ್" ಎಂದಳು ಅವಳು ಖಂಡಿತವಾಗಿ. ಹೊಲಿಗೆ ಮಿಷಿನ್ನಿನ ಭಾಗವಂತೆ.

ಮಾವ ಚೌಕಾಸಿಯನ್ನೇ ಮಾಡಲಿಲ್ಲ. ಹತ್ತು ಹೆಜ್ಜೆ ಬಂದ ಮೇಲೆ ನನಗೆ ನಗು ತಡೆಯಲಾಗಲಿಲ್ಲ. ಮಾವ ಮಾತ್ರ ಹಿಂತಿರುಗಿ ಹೋಗಿ ಅದು ಗಿಟಾರಿನದು, ಹೊಲಿಗೆ ಮಿಷಿನ್ನಿನದಲ್ಲ ಎಂದು ಅವಳಿಗೆ ಹೇಳಿ, ಇನ್ನೊಂದು ನೋಟು ಕೊಟ್ಟು ಬಂದರು. "ಇಂಥದ್ದು ಇನ್ನೊಂದು ಸಿಕ್ಕಿದ್ರೆ ಅವಳಿಗೆ ಗೊತ್ತಿರಲಿ" ಎಂದರು.

ಕುದುರೆ ನಾಲ್ಕು ದಿನ ಸೀಮೆಎಣ್ಣೆಯಲ್ಲಿ ನೆನೆಯಿತು. ನಾನು ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿದೆ. ಐದನೇ ದಿನ ಆರೂ ಸ್ಕ್ರೂಗಳು ತಿರುಗಿದವು.

ಬಾಲ ಮಾತ್ರ ಎಲ್ಲೂ ಸಿಗಲಿಲ್ಲ. ಒಂದು ದಿನ ಮಾವ ಊಟದ ಮಧ್ಯೆ ತಟ್ಟನೆ ಹೇಳಿದರು, "ಅದನ್ನ ನಾನೇ ಎರಕ ಹೊಯ್ಯಿಸ್ತೀನಿ. ಮೂವತ್ತೆಂಟು ವರ್ಷ ಅಚ್ಚು ಮಾಡಿದೆ. ಒಂದು ಸಾಮಾನಾದ್ರೂ ಮನೆಗೆ ಬಂತಾ? ಎಲ್ಲ ಯಾರ್ಯಾರದೋ ಪಂಪಿನೊಳಗೆ ಹೋಗಿ ಕೂತ್ಕೊಂತು."

ತೇಗದ ತುಂಡಿನಲ್ಲೇ ಬಾಲದ ಅಚ್ಚು ಕೆತ್ತಿದರು. ಅದಕ್ಕೆಂದೇ ಅವರ ಹತ್ತಿರ ಒಂದು ವಿಚಿತ್ರ ಸ್ಕೇಲು ಇತ್ತು, ಅದರ ಅಂಗುಲ ಮಾಮೂಲಿ ಅಂಗುಲಕ್ಕಿಂತ ಕೂದಲೆಳೆಯಷ್ಟು ಉದ್ದ. ಕಾದ ಲೋಹ ಆರುವಾಗ ಕುಗ್ಗುತ್ತದೆ, ಅದಕ್ಕೆ ಅಚ್ಚು ಅಷ್ಟು ದೊಡ್ಡದಿರಬೇಕು ಎಂದು ವಿವರಿಸಿದರು. ಅಂಬತ್ತೂರಿನಲ್ಲಿ ಅವರ ಹಳೇ ಸಹೋದ್ಯೋಗಿಯೊಬ್ಬರು ಸ್ವಂತದ ಸಣ್ಣ ಫೌಂಡ್ರಿ ಇಟ್ಟುಕೊಂಡಿದ್ದರು. ಅವರ ಹತ್ತಿರ ಅಲ್ಯೂಮಿನಿಯಂನಲ್ಲಿ ಹೊಯ್ಯಿಸಿ ತಂದರು. ಅರ ಹಾಕಿ ನುಣುಪು ಮಾಡಿ, ಆರು ತೂತು ಕೊರೆದು, ಎರಡು ದಪ್ಪ ಬೋಲ್ಟುಗಳ ಮೇಲೆ ಕೂಡಿಸಿದಾಗ ಬೆಳ್ಳಿಯ ಹಾಗೆ ಕಂಡಿತು.

ಭಾನುವಾರ ಬೆಳಿಗ್ಗೆ ತಂತಿ ಹಾಕಲು ಕೂತೆವು. ನಾನು ಬಿರಡೆ ತಿರುಗಿಸುತ್ತಿದ್ದೆ, ಮಾವ ಬಗ್ಗಿ ಬಾಲವನ್ನು ನೋಡುತ್ತಿದ್ದರು. ಐದು ತಂತಿ ಆಯಿತು. ಆರನೆಯದನ್ನು ಬಿಗಿಯುತ್ತಿದ್ದ ಹಾಗೆ ಬಾಲದಲ್ಲಿ ಬೋಲ್ಟು ಕಚ್ಚಿದ್ದ ಒಂದು ಕಿವಿ ಠಪ್ಪೆಂದು ಮುರಿದು, ಅಷ್ಟೂ ತಂತಿಗಳ ಸಮೇತ ಮೇಲಕ್ಕೆ ಹಾರಿತು. ಮಾವ ಮುಖ ಮುಚ್ಚಿಕೊಂಡರು. ಬೆರಳ ಸಂದಿಯಿಂದ ರಕ್ತ ಇಳಿಯಿತು.

ಕಣ್ಣಿಗೆ ಏನೂ ಆಗಿರಲಿಲ್ಲ. ಹುಬ್ಬಿನ ಮೇಲೆ ಮೂರು ಹೊಲಿಗೆ ಬಿತ್ತು. ಅರ್ಧ ಅಂಗುಲ ಕೆಳಗೆ ಬಿದ್ದಿದ್ದರೆ ಕಣ್ಣೇ ಹೋಗುತ್ತಿತ್ತು ಎಂದು ಡಾಕ್ಟರು ಹೇಳಿದಾಗ ನಾನು ಗೋಡೆ ಹಿಡಿದುಕೊಂಡೆ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನನ್ನ ಗಂಡ ಕೂಗಾಡಿದರು. ಅವರು ಓದಿದ್ದು ಬೆಳೆದದ್ದೆಲ್ಲ ಚೆನ್ನೈಯಲ್ಲೇ. ಸಿಟ್ಟು ಬಂದರೆ ಕನ್ನಡ ಬಿಟ್ಟು ತಮಿಳಿಗೆ ಹೋಗುತ್ತಿದ್ದರು.

"ಇಂದ ವಯಸುಲ ಇದೆಲ್ಲಾಂ ತೇವೆಯಾಪ್ಪಾ?"

ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ ಅಪ್ಪ ಎಂದು ಕೇಳಿದ್ದು ಅವರ ಅಪ್ಪನನ್ನೇ. ಆದರೆ ನೋಡಿದ್ದು ನನ್ನನ್ನು. ತಪ್ಪೇನೂ ಇರಲಿಲ್ಲ. ಬೇಕು ಎಂದವಳು ನಾನೇ ತಾನೇ. ಗಿಟಾರಿನ ಮೈಗೆ ಹಳೇ ಸೀರೆ ಸುತ್ತಿ ಬೀರುವಿನ ಮೇಲಕ್ಕೆ ಹಾಕಿದೆ. ಬ್ರೌಸಿಂಗ್ ಸೆಂಟರಿಗೆ ಹೋಗುವುದನ್ನು ಬಿಟ್ಟೆ. ಮನೆಯಲ್ಲಿ ಮತ್ತೆ ಕಾಫಿ, ಊಟ, ಪೇಪರಿನ ಮಾತಷ್ಟೇ ಉಳಿಯಿತು.

ಹೊಲಿಗೆ ಬಿಚ್ಚಿಸಿಕೊಂಡು ಬಂದ ದಿನ ಮಾವ ನನ್ನನ್ನು ಬಾಲ್ಕನಿಗೆ ಕರೆದರು. ಮುರಿದ ಬಾಲವೂ ಒಂದು ಭೂತಕನ್ನಡಿಯೂ ಅವರ ಕೈಯಲ್ಲಿದ್ದವು.

"ಇಲ್ಲಿ ನೋಡು, ಮುರಿದಿರೋ ಜಾಗ. ಹೊಳೀತಿಲ್ಲ. ಸಣ್ಣ ಸಣ್ಣ ತೂತು ಕಾಣ್ತಿದೆಯಾ? ಗಾಳಿ ಸಿಕ್ಕೊಂಡಿದೆ. ಇನ್ನು ಈ ಮೂಲೆ ನೋಡು, ಚೂಪಾಗಿ ಬಿಟ್ಟಿದೀನಿ. ಚೂಪು ಮೂಲೆ ಬಿಡಬಾರದು, ಅಲ್ಲೇ ಮುರಿಯೋದು ಅಂತ ನಾನು ಎಷ್ಟು ಜನಕ್ಕೆ ಬೈದಿದೀನಿ ಗೊತ್ತಾ? ಬೇಗ ನಿನ್ನ ಕೈಗೆ ಕೊಡಬೇಕು ಅಂತ ಅವಸರ ಮಾಡಿದೆ. ತಪ್ಪು ನಂದು. ನೀನು ಯಾಕೆ ಮುಖ ಇಳಿಬಿಟ್ಕೊಂಡು ಓಡಾಡ್ತೀಯ?"

"ಸಾಕು ಮಾವ. ನಿಮಗೆ ಏನಾದ್ರೂ ಆಗಿದ್ರೆ…"

"ಆಗಲಿಲ್ಲವಲ್ಲ. ಪರವಾಯಿಲ್ಲ. ಈ ಸಲ ಹಿತ್ತಾಳೆಯಲ್ಲಿ ಹೊಯ್ಯೋಣ. ಇಷ್ಟಕ್ಕೇ ಬಿಟ್ರೆ ನನಗೆ ನಿದ್ದೆ ಬರಲ್ಲ ಕಣಮ್ಮಾ. ನಿಂಗೋಸ್ಕರ ಅಲ್ಲ, ನಂಗೋಸ್ಕರ."

ಮಾರನೆಯ ದಿನ ಬಾಲ್ಕನಿಯಲ್ಲಿ ಅವರು ಕೆಲಸ ಮಾಡುವ ಹಲಗೆಯ ಮೇಲೆ ಒಂದು ಹೊಸ ಕನ್ನಡಕ ಇತ್ತು, ವೆಲ್ಡಿಂಗ್ ಅಂಗಡಿಯವರು ಹಾಕಿಕೊಳ್ಳುವ ಬಿಳಿ ಪ್ಲಾಸ್ಟಿಕ್ಕಿನದು. ನನ್ನ ಗಂಡ ಆಫೀಸಿಗೆ ಹೋಗುವ ಮುಂಚೆ ಅದನ್ನು ಅಲ್ಲಿಟ್ಟು ಹೋಗಿದ್ದರು. ಹೊಸ ಅಚ್ಚು ಸಿದ್ಧವಾದಾಗ ಅದನ್ನು ಸ್ಕೂಟರಿನಲ್ಲಿ ಅಂಬತ್ತೂರಿಗೆ ತೆಗೆದುಕೊಂಡು ಹೋದವರೂ ಅವರೇ. ಅವರ ಹಿಂದೆ ನಾನೂ ಹೋದೆ.

ಎರಕ ಹೊಯ್ಯುವುದನ್ನು ನಾನು ಜೀವನದಲ್ಲಿ ನೋಡಿದ್ದು ಅದೊಂದೇ ಸಲ. ಫೌಂಡ್ರಿಯ ಒಡೆಯರು ಲುಂಗಿ ಎತ್ತಿ ಕಟ್ಟಿಕೊಂಡು, ಮಾವ ಮಾಡಿದ ಅಚ್ಚನ್ನು ಕರಿ ಮರಳಿನಲ್ಲಿ ಒತ್ತಿ ತೆಗೆದರು. ಮರಳಿನಲ್ಲಿ ಬಾಲದ ಗುರುತು ಒಂದು ಚೂರೂ ಕದಡದೆ ನಿಂತಿತು. ಅವರು ನನ್ನ ಗಂಡನಿಗೆ ತಮಿಳಿನಲ್ಲಿ ಏನೋ ಹೇಳಿದರು. ಗಂಡ ನನಗೆ ಹೇಳಿದರು, "ಅಪ್ಪನ ಅಚ್ಚು ಮರಳಿಂದ ಹೀಗೇ ಎದ್ದು ಬರುತ್ತಂತೆ, ಯಾವತ್ತೂ ಮರಳು ಉದುರ್ತಾ ಇರಲಿಲ್ಲವಂತೆ." ಅದನ್ನು ಹೇಳುವಾಗ ಅವರ ದನಿ ಬೇರೆಯಾಗಿತ್ತು. ಅಪ್ಪ ಏನು ಕೆಲಸ ಮಾಡುತ್ತಿದ್ದರೆಂದು ಅವರಿಗೂ ಅಲ್ಲಿಯವರೆಗೆ ಸರಿಯಾಗಿ ಗೊತ್ತಿರಲಿಲ್ಲವೇನೋ. ಕರಗಿದ ಹಿತ್ತಾಳೆ ಬಿಳಿ ಹೊಗೆ ಬಿಡುತ್ತ ಮರಳಿನೊಳಗೆ ಇಳಿಯಿತು. ನಾವಿಬ್ಬರೂ ಅದನ್ನೇ ನೋಡುತ್ತ ನಿಂತಿದ್ದೆವು.

ಈ ಸಲ ಮಾವ ಒಂದು ವಾರ ಅರ ಹಾಕಿದರು. ಎಲ್ಲ ಮೂಲೆಗಳೂ ಮಗುವಿನ ಮೊಣಕೈಯ ಹಾಗೆ ದುಂಡಗಿದ್ದವು. ತಂತಿ ಹಾಕುವ ದಿನ ಬಿಳಿ ಕನ್ನಡಕ ಹಾಕಿಕೊಂಡು, ಬಾಲದ ಮೇಲೆ ಮಡಿಸಿದ ಟವೆಲ್ ಕಟ್ಟಿ, ನನ್ನನ್ನು ಬಾಗಿಲ ಹಿಂದೆ ನಿಲ್ಲಿಸಿ, ಬಿರಡೆಗಳನ್ನು ತಾವೇ ತಿರುಗಿಸಿದರು. ಗಂಡ ಆಫೀಸಿಗೆ ರಜೆ ಹಾಕಿ, ಅಡಿಗೆಮನೆಯಲ್ಲಿ ಏನೋ ಹುಡುಕುತ್ತಿರುವಂತೆ ನಟಿಸುತ್ತಿದ್ದರು. ಆರೂ ತಂತಿ ನಿಂತವು. ಒಂದು ದಿನ ಹಾಗೇ ಬಿಟ್ಟೆವು. ಮಾರನೆಯ ಬೆಳಿಗ್ಗೆಯೂ ನಿಂತಿದ್ದವು.

ಅದರ ಮುಂದಿನ ಕೆಲಸಕ್ಕೆ ಮಾವನಿಗೆ ನಾನು ಬೇಕಾದೆ. ಕುದುರೆಯ ಆರು ಹಲ್ಲುಗಳನ್ನು ಒಂದೊಂದಾಗಿ ಹಿಂದೆ ಮುಂದೆ ಸರಿಸಿ, ಹನ್ನೆರಡನೇ ಮೆಟ್ಟಿನಲ್ಲಿ ಒತ್ತಿದ ಸ್ವರ, ಬಿಟ್ಟ ತಂತಿಯ ಸ್ವರಕ್ಕೆ ಸರಿಯಾಗಿ ಮೇಲಿನ ಸ್ಥಾಯಿಯಲ್ಲಿ ಕೂರುವಂತೆ ಮಾಡಬೇಕು. ಆ ಕೂದಲೆಳೆಯ ವ್ಯತ್ಯಾಸ ಅವರ ಕಿವಿಗೆ ಕೇಳಿಸುತ್ತಿರಲಿಲ್ಲ, ಫೌಂಡ್ರಿಯ ಗದ್ದಲ ಅವರ ಕಿವಿಯನ್ನು ತಿಂದಿತ್ತು. ನಾನು ಮೀಟಿ ಹೇಳುವುದು, ಅವರು ಸ್ಕ್ರೂಡ್ರೈವರ್ ಹಿಡಿದು ತಿರುಗಿಸುವುದು.

"ಇನ್ನೂ ಸ್ವಲ್ಪ ಹಿಂದಕ್ಕೆ ಮಾವ."

"ಕಾಲು ಸುತ್ತಾ?"

"ಅಷ್ಟು ಬೇಡ. ಅದರಲ್ಲೂ ಅರ್ಧ. ಹಾಂ, ಬಂತು."

"ಬಂತಾ? ನಂಗೆ ಎರಡೂ ಒಂದೇ ಥರ ಕೇಳುತ್ತೆ. ನೀನು ಹೇಳಿದ್ರೆ ಸರಿ."

ಇಡೀ ಬೆಳಿಗ್ಗೆ ಹೀಗೆ ಕಳೆಯಿತು. ಒಂದು ಸಣ್ಣ ಆಂಪ್ಲಿಫೈಯರಿಗೆ ಪ್ಲಗ್ ಹಾಕಿದಾಗ ಜೀರುಂಡೆಯ ಹಾಗೆ ಗುಂಯ್ ಎಂಬ ಸದ್ದು, ನಾನು ತಂತಿ ಮುಟ್ಟಿದರೆ ನಿಲ್ಲುವುದು, ಬಿಟ್ಟರೆ ಮತ್ತೆ ಶುರು. ಮತ್ತೆ ಬ್ರೌಸಿಂಗ್ ಸೆಂಟರಿಗೆ ಓಡಿದೆ. ಬಾಲದ ಬೋಲ್ಟಿನಿಂದ ಒಳಗಿನ ಅರ್ಥಿಂಗಿಗೆ ಒಂದು ವೈರು ಎಳೆಯಬೇಕೆಂದು ಅಲ್ಲಿ ಸಿಕ್ಕಿತು. ಮಾವ ಸಣ್ಣ ತೂತು ಕೊರೆದು ಎಳೆದರು. ಸದ್ದು ನಿಂತಿತು. ಆ ನಿಶ್ಶಬ್ದದಲ್ಲಿ ನಾನು ಮೊದಲ ಸಲ ಪೂರ್ತಿ ಒಂದು ಹಾಡು ನುಡಿಸಿದೆ. ಮಾವ ಗಿಟಾರಿನ ಮೈಗೆ ಬೆರಳ ತುದಿ ಹಚ್ಚಿಕೊಂಡು ಕೂತಿದ್ದರು. "ಚೆನ್ನಾಗಿ ನಡುಗ್ತಾ ಇದೆ" ಎಂದರು. ಅದು ಅವರ ಮೆಚ್ಚುಗೆ.

ಒಂದು ತಿಂಗಳಾದ ಮೇಲೆ ಅಂಬತ್ತೂರಿನ ಆ ಫೌಂಡ್ರಿಯ ಒಡೆಯರು ಹೇಳದೆ ಕೇಳದೆ ನಮ್ಮ ಮನೆಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಬಾಳೆಹಣ್ಣು. ಕೂತು ನೀರು ಕುಡಿದು, "ನಾನ್ ಊತ್ತಿನದು ಎಪ್ಪಡಿ ಇರುಕ್ಕುನು ಪಾಕ್ಕ ವಂದೇನ್" ಎಂದರು. ತಾವು ಹೊಯ್ದ ಎರಕ ಏನಾಗಿದೆಯೆಂದು ನೋಡಿ ಹೋಗಲು ಬಂದಿದ್ದರು. ನಾನು ಗಿಟಾರು ತಂದು ಅವರ ಮುಂದಿಟ್ಟೆ. ಹಿತ್ತಾಳೆಯ ಬಾಲವನ್ನು ಉಗುರಿನಿಂದ ತಟ್ಟಿ ಕಿವಿಗೊಟ್ಟು ಕೇಳಿದರು, ಮಾವನ ಕಡೆ ನೋಡಿ ತಲೆದೂಗಿದರು. ನುಡಿಸಿದೆ. ಇನ್ನೊಮ್ಮೆ ಅಂದರು. ಅದೇ ಹಾಡನ್ನು ಇನ್ನೊಮ್ಮೆ ನುಡಿಸಿದೆ. ಇಬ್ಬರು ಮುದುಕರೂ ಸೋಫಾ ಬಿಟ್ಟು ನೆಲದ ಮೇಲೆ, ನನ್ನ ಎದುರಿಗೆ ಚಕ್ಕಂಬಟ್ಟಲೆ ಹಾಕಿ ಕೂತಿದ್ದರು. ಇಷ್ಟು ಶ್ರದ್ಧೆಯಿಂದ ಕೇಳುವವರು ನನಗೆ ಮತ್ತೆ ಸಿಕ್ಕಿದ್ದು ಕಡಿಮೆ.

ಮಾವ ಆಮೇಲೆ ಒಂಬತ್ತು ವರ್ಷ ನಮ್ಮ ಜೊತೆ ಇದ್ದರು. ನಾನು ಒಂದು ಶಾಲೆಯಲ್ಲಿ ಗಿಟಾರು ಕಲಿಸಲು ಸೇರಿದೆ, ತಮಿಳು ಕಲಿತೆ, ಜಗಳವಾಡುವಷ್ಟು. ಅವರಿಗೆ ಧನ್ಯವಾದ ಹೇಳಬೇಕೆಂದು ನಾನು ಒಂದೇ ಸಲ ಪ್ರಯತ್ನಪಟ್ಟಿದ್ದು, ಅವರು ಆಸ್ಪತ್ರೆಯಲ್ಲಿದ್ದಾಗ. ಮಾತು ಶುರು ಮಾಡುವುದರೊಳಗೆ ಅವರು ನನ್ನ ಎಡಗೈ ಹಿಡಿದು, ತಂತಿ ಒತ್ತಿ ಒತ್ತಿ ಗಡುಸಾದ ಬೆರಳ ತುದಿಗಳನ್ನೆಲ್ಲ ಒಂದೊಂದಾಗಿ ಒತ್ತಿ ನೋಡಿ, "ದಿನಾ ನುಡಿಸ್ತಾ ಇದೀಯ ತಾನೇ?" ಎಂದು ಕೇಳಿದರು.

"ಹೂಂ ಮಾವ, ದಿನಾ" ಎಂದೆ. ಅದು ನಿಜವಾಗಿತ್ತು. ಈಗಲೂ ನಿಜ.